ಕೃಷ್ಣೆಯ ಆಚೆ ದಂಡೆಯ ಊರುಗಳಿಗೆ ನಕ್ಷೆಯಲ್ಲಿ ಕನ್ನಡದ ಹೆಸರು

ರಾಯಚೂರಿನಿಂದ ವಾಡಿಯ ಕಡೆ ಹೊರಟ ರೈಲು ನದಿಯ ಸೇತುವೆ ದಾಟಿತೆಂದರೆ ಬರುವ ನಿಲ್ದಾಣದ ಹೆಸರೂ ಕೃಷ್ಣಾ. ಅದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ರಾಜ್ಯ ಬದಲಾದರೂ ಮಾತು ಬದಲಾಗುವುದಿಲ್ಲ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೇ ಇವೆ. ಗದ್ವಾಲ್ ಅಂತೂ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ಆದರೆ ಮೊಬೈಲಿನಲ್ಲಿ ನಕ್ಷೆ ತೆರೆದರೆ ಈ ಭಾಗದ ಸಣ್ಣ ಊರುಗಳು ಹೆಚ್ಚಾಗಿ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಕಾಣುತ್ತವೆ. ಈ ಕೊರತೆಯನ್ನು ತುಂಬಿಕೊಡಲು ಯಾವ ಕಚೇರಿಗೂ ಅರ್ಜಿ ಹಾಕಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಊರಿನ ಹಿರಿಯರೊಂದಿಗೆ ಒಂದು ಸಂಜೆಯ ಮಾತು ಇಷ್ಟಿದ್ದರೆ ಸಾಕು.

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮುಕ್ತ ನಕ್ಷೆ. ವಿಕಿಪೀಡಿಯದಂತೆ ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಬಳಸಬಹುದು. ಮೊದಲು ಅದರ ಜಾಲತಾಣದಲ್ಲಿ ಉಚಿತ ಖಾತೆ ತೆರೆಯಿರಿ. ನಾರಾಯಣಪೇಟೆ ಜಿಲ್ಲೆಯ ಮಕ್ತಲ್ ಪಟ್ಟಣವನ್ನು ಹುಡುಕಿ, ನಕ್ಷೆಯನ್ನು ಹಿಗ್ಗಿಸಿ, ನಿಮ್ಮ ಊರಿನ ಬಳಿ ಬಂದು ‘ಎಡಿಟ್’ ಒತ್ತಿ. ಬ್ರೌಸರಿನಲ್ಲೇ ‘ಐಡಿ’ ಎಂಬ ಸಂಪಾದಕ ತೆರೆದುಕೊಳ್ಳುತ್ತದೆ. ಊರಿನ ಬಿಂದುವನ್ನು ಒತ್ತಿದರೆ ಎಡಗಡೆ ಹೆಸರಿನ ಖಾನೆ ಬರುತ್ತದೆ. ಅದರ ಪಕ್ಕದ ಕೂಡಿಸುವ ಚಿಹ್ನೆ ಒತ್ತಿ ಭಾಷೆಗಳ ಪಟ್ಟಿಯಿಂದ ಕನ್ನಡ ಆರಿಸಿ, ಹೆಸರು ಬರೆಯಿರಿ. ಒಳಗೆ ಅದು ‘ನೇಮ್’, ಕೋಲನ್, ‘ಕೆಎನ್’ ಎಂಬ ಟ್ಯಾಗ್ ಆಗಿ ಕೂಡುತ್ತದೆ. ಏನು ಬದಲಿಸಿದಿರಿ, ಹೇಗೆ ತಿಳಿಯಿತು ಎಂದು ಒಂದು ಸಾಲು ಟಿಪ್ಪಣಿ ಬರೆದು ಉಳಿಸಿ.

ತೆಲುಗು, ಉರ್ದು, ಇಂಗ್ಲಿಷ್ ಹೆಸರುಗಳಿಗೆ ಬೇರೆ ಬೇರೆ ಖಾನೆಗಳಿವೆ. ಅವನ್ನು ಅಳಿಸಬೇಡಿ, ನೆರೆಯವರ ಹೆಸರು ತೆಗೆದು ನಮ್ಮದನ್ನು ಕೂರಿಸುವುದು ನಕ್ಷೆಯ ಕೆಲಸವಲ್ಲ.

ಹೆಸರು ಯಾವುದು ಎಂಬುದೇ ಈ ಕೆಲಸದ ಜೀವ. ಇಂಗ್ಲಿಷ್ ಕಾಗುಣಿತ ನೋಡಿ ಅಕ್ಷರ ಬದಲಿಸಿದರೆ ಕನ್ನಡದ ಹೆಸರು ಸಿಗುವುದಿಲ್ಲ. ತೆಲುಗಿನಲ್ಲಿ ನಾರಾಯಣಪೇಟ, ಕನ್ನಡದಲ್ಲಿ ನಾರಾಯಣಪೇಟೆ. ಕೊನೆಯ ಒಂದು ಸ್ವರದಲ್ಲಿ ಒಂದು ಭಾಷೆಯ ಗುರುತಿದೆ. ಆದ್ದರಿಂದ ಅಗಸಿ ಕಟ್ಟೆಯ ಮೇಲೆ ಕೂತವರನ್ನು ಕೇಳಿ, ಶಾಲೆಯ ಫಲಕ ನೋಡಿ, ಹಳೆಯ ಲಗ್ನಪತ್ರಿಕೆ ತೆಗೆಸಿ. ಎರಡು ರೂಪ ಬಳಕೆಯಲ್ಲಿದ್ದರೆ ಇನ್ನೊಂದನ್ನು ಪರ್ಯಾಯ ಹೆಸರಾಗಿ ಸೇರಿಸಲು ಅವಕಾಶವಿದೆ. ಶಾಲೆ ಗುರುತಿಸುವಾಗ ಬೋಧನೆಯ ಭಾಷೆಯನ್ನೂ ದಾಖಲಿಸಬಹುದು: ‘ಲ್ಯಾಂಗ್ವೇಜ್’, ಕೋಲನ್, ‘ಕೆಎನ್’ ಎಂಬ ಟ್ಯಾಗಿಗೆ ‘ಮೇನ್’ ಎಂಬ ಬೆಲೆ ಕೊಡಿ. ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ ಭಾಷಣಗಳು ಸಾಕಷ್ಟಾಗಿವೆ. ಅವು ಎಲ್ಲೆಲ್ಲಿವೆ ಎಂದು ಬೊಟ್ಟಿಟ್ಟು ತೋರಿಸುವ ನಕ್ಷೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡು ಎಚ್ಚರಿಕೆ. ಗೂಗಲ್ ನಕ್ಷೆ ನೋಡಿ ನಕಲು ಮಾಡಬಾರದು, ಅದಕ್ಕೆ ಪರವಾನಗಿ ಇಲ್ಲ. ಸಂಪಾದಕದೊಳಗೇ ಸಿಗುವ ಬಿಂಗ್ ಅಥವಾ ಎಸ್ರಿ ಉಪಗ್ರಹ ಚಿತ್ರ ಮತ್ತು ನೀವೇ ಕಣ್ಣಾರೆ ಕಂಡದ್ದು ಸಾಕು. ಇನ್ನೊಂದು, ಈ ಭಾಗದಲ್ಲಿ ಬಹಳ ದೂರ ಕೃಷ್ಣೆಯೇ ರಾಜ್ಯದ ಗಡಿ. ದಂಡೆಯನ್ನು ತಿದ್ದಲು ಹೋಗಿ ಗಡಿಗೆರೆಯ ಬಿಂದುವೊಂದನ್ನು ಎಳೆದುಬಿಟ್ಟರೆ ಎರಡು ರಾಜ್ಯಗಳ ಮೇರೆಯೇ ಸರಿಯುತ್ತದೆ. ಹೊಸಬರು ನದಿಗೆರೆಯ ತಂಟೆಗೆ ಹೋಗದಿರುವುದು ಒಳ್ಳೆಯದು.

ಈಗ ನಿಮ್ಮದೇ ನಕ್ಷೆ. ‘ಓವರ್‌ಪಾಸ್ ಟರ್ಬೊ’ ಎಂಬ ತಾಣದಲ್ಲಿ ಮಕ್ತಲ್ ಸುತ್ತಮುತ್ತಲ ಪ್ರದೇಶವನ್ನು ಪರದೆಗೆ ತಂದು, ‘ವಿಝಾರ್ಡ್’ ಒತ್ತಿ, ಹಳ್ಳಿ ಬೇಕೋ ಶಾಲೆ ಬೇಕೋ ಇಂಗ್ಲಿಷಿನಲ್ಲಿ ಟ್ಯಾಗ್ ಬರೆದರೆ ಅಷ್ಟನ್ನೂ ಹೆಕ್ಕಿಕೊಡುತ್ತದೆ. ಅದನ್ನು ಜಿಯೊಜೇಸನ್ ಕಡತವಾಗಿ ಇಳಿಸಿಕೊಂಡು ಕ್ಯೂಜಿಐಎಸ್‌ನಲ್ಲಿ ತೆರೆಯಿರಿ. 2002ರಲ್ಲಿ ಶುರುವಾದ ಈ ತಂತ್ರಾಂಶ ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಪದರದ ಮೇಲೆ ಪೆನ್ಸಿಲ್ ಚಿಹ್ನೆ ಒತ್ತಿದರೆ ತಿದ್ದುವ ಸ್ಥಿತಿ. ಹೊಸ ಬಿಂದು ಇಡಬಹುದು, ಕೋಷ್ಟಕದಲ್ಲಿ ಹೆಸರು ತುಂಬಬಹುದು. ನಕ್ಷೆಯ ಮೇಲೆ ಕಾಣುವ ಹೆಸರುಗಳಿಗೆ ನೋಟೊ ಸಾನ್ಸ್ ಕನ್ನಡ ಅಕ್ಷರಶೈಲಿ ಆರಿಸಿ.

ಇಲ್ಲಿ ಕನ್ನಡದವರಿಗೆ ಎಡವಟ್ಟಾಗುವ ಜಾಗಗಳಿವೆ. ಎಕ್ಸೆಲ್‌ನಿಂದ ಪಟ್ಟಿ ತರುವಾಗ ಯುಟಿಎಫ್-8 ಮಾದರಿಯ ಸಿಎಸ್‌ವಿ ಎಂದೇ ಉಳಿಸಿ, ಇಲ್ಲವಾದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಹಳೆಯ ಶೇಪ್‌ಫೈಲ್ ಮಾದರಿ ಬೇಡ: ಅದರ ಅಂಕಣದ ಶೀರ್ಷಿಕೆಗೆ ಹತ್ತೇ ಬೈಟ್ ಜಾಗ, ಕನ್ನಡದ ಒಂದೊಂದು ಸಂಕೇತವೇ ಮೂರು ಬೈಟ್ ನುಂಗುತ್ತದೆ. ಬದಲಿಗೆ ಜಿಯೊಪ್ಯಾಕೇಜ್ ಮಾದರಿ ಬಳಸಿ, ಅದರಲ್ಲಿ ಈ ಇಕ್ಕಟ್ಟಿಲ್ಲ. ಮಕ್ತಲ್ ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶ, 77.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಪಟ್ಟಿ ತರುವಾಗ ಕ್ಯೂಜಿಐಎಸ್ ಕೇಳುವ ‘ಎಕ್ಸ್’ ಖಾನೆ ರೇಖಾಂಶದ್ದು, ‘ವೈ’ ಅಕ್ಷಾಂಶದ್ದು. ಅದಲುಬದಲಾದರೆ ಮಕ್ತಲ್ ಹೋಗಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹಿಮದಲ್ಲಿ ಬೀಳುತ್ತದೆ. ಬಿಂದು ಕಾಣದಿದ್ದರೆ ಮೊದಲು ಅಲ್ಲಿ ಹುಡುಕಿ! ದೂರ ಅಳೆಯುವುದಿದ್ದರೆ ಮಕ್ತಲ್, ನಾರಾಯಣಪೇಟೆ, ಗದ್ವಾಲ್ ಮೂರಕ್ಕೂ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯ ಸರಿ. ಗದ್ವಾಲ್ ಕಡೆಯ ಆಲಂಪುರ 78 ಡಿಗ್ರಿ ರೇಖೆಯ ಆಚೆಗಿರುವುದರಿಂದ 44ನೇ ವಲಯಕ್ಕೆ ಸೇರುತ್ತದೆ.

ಜಾಲಕ್ಕೆ ಏರಿಸುವುದು ಸುಲಭ. ಫ್ರಾನ್ಸಿನ ಬಳಗ ಕಟ್ಟಿದ ‘ಯುಮ್ಯಾಪ್’ ತಾಣಕ್ಕೆ ಜಿಯೊಜೇಸನ್ ಕಡತ ಹಾಕಿದರೆ ಹತ್ತು ನಿಮಿಷದಲ್ಲಿ ನಕ್ಷೆ ಸಿದ್ಧ; ಕೊಂಡಿಯನ್ನು ವಾಟ್ಸಾಪ್‌ನಲ್ಲೇ ಹಂಚಬಹುದು. ಸ್ವಂತ ಪುಟ ಬೇಕೆನ್ನುವವರು ಕ್ಯೂಜಿಐಎಸ್‌ಗೆ ‘ಕ್ಯೂಜಿಐಎಸ್‌ಟುವೆಬ್’ ಪ್ಲಗಿನ್ ಸೇರಿಸಿ, ಲೀಫ್‌ಲೆಟ್ ಆಯ್ದು ರಫ್ತು ಮಾಡಿ, ಸಿಗುವ ಫೋಲ್ಡರನ್ನು ಗಿಟ್‌ಹಬ್ ಪೇಜಸ್‌ಗೆ ಏರಿಸಲಿ. ಇದಕ್ಕೂ ಹಣವಿಲ್ಲ. ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಕಾಣಲೇಬೇಕು, ಅದು ಪರವಾನಗಿಯ ಷರತ್ತು. ಜನರ ಮೊಬೈಲ್ ಸಂಖ್ಯೆ, ಮನೆಯ ವಿವರ ಹಾಕಬೇಡಿ.

ಯಾವುದರ ನಕ್ಷೆ ಮಾಡೋಣ ಎನ್ನುವವರಿಗೆ ವಿಷಯಕ್ಕೆ ಬರವಿಲ್ಲ. 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ಮುಡುಮಾಲಿನ ನಿಲಸುಗಲ್ಲುಗಳು ಇದೇ ಕೃಷ್ಣಾ ಮಂಡಲದಲ್ಲಿವೆ. 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾದ 37 ಕಿ.ಮೀ. ಉದ್ದದ ಜಕ್ಲೇರ್–ಕೃಷ್ಣಾ ರೈಲು ಮಾರ್ಗದ ನಿಲ್ದಾಣಗಳಿವೆ. ನಾರಾಯಣಪೇಟೆ, ಗದ್ವಾಲ್ ಸೀರೆಗಳ ಮಗ್ಗದ ಓಣಿಗಳಿವೆ. ನೂರು ಊರು ಒಂದೇ ಸಲ ಹಿಡಿಯಬೇಡಿ. ಈ ವಾರ ಒಂದು ಊರು, ಒಂದು ಶಾಲೆ, ಒಂದು ಹಳ್ಳ ಸೇರಿಸಿ. ಹೆಸರು ಹೇಳಿಕೊಟ್ಟ ಹಿರಿಯರಿಗೆ ಪರದೆಯ ಮೇಲೆ ಅದನ್ನು ತೋರಿಸಿ ಬನ್ನಿ.