ಅಂಗಳದ ನೀಲಿ ಹೂವು, ತೋಟದ ಮಣ್ಣು



ಮನೆಯಂಗಳದಲ್ಲಿ ವರ್ಷವರ್ಷವೂ ಹೂ ಬಿಡುವ ನೀಲಿ ಹೂವಿನ ಗಿಡವೊಂದಿರಲಿ ಎಂಬ ಆಸೆ ಅನೇಕರಿಗೆ ಉಂಟು. ಬೀಜದ ಪಟ್ಟಿಗಳಲ್ಲಿ ವೆರೋನಿಕಾದ ನೀಲಿ ತೆನೆಗಳ ಚಿತ್ರ ಕಂಡು ಮನಸೋಲುವವರೂ ಇದ್ದಾರೆ. ಆದರೆ ಅದರ ತೋಟದ ಜಾತಿಗಳು ಹೆಚ್ಚಾಗಿ ಚಳಿನಾಡಿನವು. ಚಳಿಗಾಲದಲ್ಲಿ ಮೇಲಿನ ಭಾಗ ಒಣಗಿ, ಬೇರು ಮಲಗಿದ್ದು, ವಸಂತದಲ್ಲಿ ಮತ್ತೆ ಚಿಗುರುವುದು ಅವುಗಳ ಸ್ವಭಾವ. ಅರೇಹಳ್ಳಿಯ ಕಡೆ ಅಷ್ಟು ಚಳಿಯಿಲ್ಲ. ಮುಂಗಾರಿನಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದ್ದರಿಂದ ಅದಕ್ಕೆ ಹಣ ಸುರಿಯುವುದಕ್ಕಿಂತ, ಮಲೆನಾಡಿಗೆ ಒಗ್ಗಿದ ಹೈಡ್ರೇಂಜಿಯಾ ನೆಡುವುದು ಲೇಸು.

ಬೆಳೆಸುವ ಕ್ರಮ

ಮಳೆಗಾಲದ ಆರಂಭದಲ್ಲಿ, ಹೂ ಬಿಡದ ರೆಂಬೆಯಿಂದ 4-6 ಅಂಗುಲದ ಕಡ್ಡಿ ತೆಗೆಯಿರಿ. ಕೆಳಗಿನ ಎಲೆ ಕಿತ್ತು, ಪಾಲಿಥೀನ್ ಚೀಲದಲ್ಲಿ ಊರಿ, ನೆರಳಿನಲ್ಲಿಡಿ. ಕಾಫಿ ಸಸಿಗೆ ತುಂಬುವ ಕಾಡುಮಣ್ಣು, ಗೊಬ್ಬರ, ಮರಳಿನ 6:2:1 ಮಿಶ್ರಣವೇ ಸಾಕು. ಬೇರು ಬಂದ ಮೇಲೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ನೆಡಿ. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು. ಹೂ ಮುಗಿದ ಕೂಡಲೇ ಸವರಬೇಕು. ತಡಮಾಡಿ ಕತ್ತರಿಸಿದರೆ ಮುಂದಿನ ವರ್ಷದ ಮೊಗ್ಗೂ ಹೋಗುತ್ತದೆ. ಇದರ ಎಲೆ ವಿಷ. ದನಕರುಗಳ ಬಾಯಿಗೆ ಸಿಗದಂತೆ ಕೊಟ್ಟಿಗೆಯಿಂದ ದೂರವಿಡಿ.

ಬಣ್ಣದ ಗುಟ್ಟು

ಕಳೆದ ವರ್ಷ ನೀಲಿಯಾಗಿದ್ದ ಗಿಡ ಈ ವರ್ಷ ಗುಲಾಬಿ ಬಣ್ಣಕ್ಕೆ ತಿರುಗಿತೆಂದು ಗಾಬರಿಯಾಗಬೇಡಿ. ಅದು ರೋಗವಲ್ಲ, ಮಣ್ಣಿನ ಮಾತು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. ಅದು ಹೂವಿನ ಬಣ್ಣದೊಡನೆ ಕೂಡಿದಾಗ ನೀಲಿ. ರಸಸಾರ, ಅಂದರೆ ಪಿ.ಎಚ್., 5.5ಕ್ಕಿಂತ ಕಡಿಮೆಯಿದ್ದರೆ ಚೆನ್ನಾದ ನೀಲಿ, 6.5 ದಾಟಿದರೆ ಗುಲಾಬಿ, ನಡುವೆ ನೇರಳೆ. ಬಿಳಿಯ ತಳಿಗಳು ಮಾತ್ರ ಬದಲಾಗವು. ಸುಣ್ಣ ಬಳಿದ ಗೋಡೆಯ ಬುಡ, ಒಲೆಯ ಬೂದಿ, ರಾಕ್ ಫಾಸ್ಫೇಟ್ ಇವೆಲ್ಲ ನೀಲಿಯನ್ನು ಕೆಡಿಸುತ್ತವೆ. ನೀಲಿ ಬೇಕಾದವರು ಇವನ್ನು ದೂರವಿಟ್ಟು, ಗಿಡದ ಬುಡಕ್ಕೆ ತರಗೆಲೆ ಮುಚ್ಚಲಿ.

ತೋಟಕ್ಕೆ ಪಾಠ

ಮಳೆ ತೊಳೆದ ನಮ್ಮ ಮಣ್ಣು ಸಹಜವಾಗಿಯೇ ಹುಳಿ. ಕಾಫಿಗೆ ಬೇಕಾದುದು ಸುಮಾರು 6.0ರಿಂದ 6.5. ಅಂದರೆ ಹೈಡ್ರೇಂಜಿಯಾ ಕಡುನೀಲಿಯಾಗಿ ಅರಳುವ ಮಣ್ಣು ಕಾಫಿಗೆ ಅತಿ ಹುಳಿ. ಅಂಥ ಮಣ್ಣಿನಲ್ಲಿ ಹಾಕಿದ ರಂಜಕದ ಬಹುಪಾಲು ಗಿಡಕ್ಕೆ ಸಿಗದೆ ಗೊಬ್ಬರದ ಹಣ ಮಣ್ಣುಪಾಲಾಗುತ್ತದೆ.

ಹಾಗೆಂದು ಅಂಗಳದ ಹೂ ನೋಡಿ ತೋಟಕ್ಕೆ ಸುಣ್ಣ ಎರಚಬೇಡಿ. ಅಂಗಳದ ಮಣ್ಣು ಬೇರೆ, ತೋಟದ ಮಣ್ಣು ಬೇರೆ. ಸುಣ್ಣ ಹೆಚ್ಚಾದರೂ ಸತು ಮೊದಲಾದ ಲಘು ಪೋಷಕಗಳು ಗಿಡಕ್ಕೆ ದಕ್ಕುವುದಿಲ್ಲ. ಪ್ರತಿ ತಾಕಿನಲ್ಲೂ ಹಲವು ಕಡೆ 9 ಅಂಗುಲ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ ಪರೀಕ್ಷೆಗೆ ಕಳಿಸಿ. ಸುಣ್ಣದ ಪ್ರಮಾಣವನ್ನು ಆ ವರದಿ ಹೇಳಲಿ. ನೀಲಿ ಹೂವು ಅನುಮಾನ ಹುಟ್ಟಿಸಿದರೆ ಸಾಕು. ತೀರ್ಮಾನ ಪರೀಕ್ಷೆಗೆ ಬಿಡಿ.