ಗಂಟೆಗೆಷ್ಟು ಬಿತ್ತು?

ರೆಕಾರ್ಡ್ ಪ್ಲೇಯರಿನ ಕಾರ್ಟ್ರಿಜ್‌ನ ಬೆಲೆ ಕೇಳಬೇಡಿ, ಗಂಟೆಗೆಷ್ಟು ಬಿತ್ತು ಎಂದು ಕೇಳಿ. ಶೂರ್ ವಿ15 ಟೈಪ್ 3ಕ್ಕೆ ದುಡ್ಡು ಸುರಿದ ಮೇಲೆ ನಾನು ಹಿಡಿದ ಲೆಕ್ಕ ಇದು.

1973ರ ಮಾಡೆಲ್. ಕಾರ್ಟ್ರಿಜ್ ಬಾಡಿಯ ಬೆಲೆ 12,000 ರೂಪಾಯಿ, ಜೊತೆಗೆ ಡಬ್ಬಿ ಒಡೆಯದ ಮೂಲ ಸೂಜಿಗೆ 9,000. ಕದ್ರಿಯ ಮನೆಯಲ್ಲಿ ಹಳೆಯ ಟೆಕ್ನಿಕ್ಸ್ ಟರ್ನ್‌ಟೇಬಲ್‌ಗೆ ಕೂರಿಸಿ ಒಂದು ಗ್ರಾಂ ಭಾರವಿಟ್ಟೆ. ಭೀಮಸೇನ ಜೋಶಿಯವರ ವಿಲಂಬಿತ್ ಸೊಗಸಾಗಿ ಬಂತು. ಒಳಸುತ್ತು ಮುಟ್ಟಿ ದ್ರುತ್ ತಾನ್ ಶುರುವಾದದ್ದೇ ಸ್ವರ ಒಡೆಯಿತು. ವಜ್ರದ ತುದಿ ಹೊತ್ತ ಕಡ್ಡಿಯನ್ನು (ಕ್ಯಾಂಟಿಲಿವರ್) ಹಿಡಿದ ರಬ್ಬರು ಡಬ್ಬಿಯೊಳಗೇ ಗಟ್ಟಿಯಾಗಿತ್ತು. ಕೊನೆಗೆ ಜಪಾನಿನ ಜಿಕೋ ಎಲಿಪ್ಟಿಕಲ್ ಸೂಜಿ ತರಿಸಿದೆ. ಸಾಗಣೆ, ಸುಂಕ ಸೇರಿ 11,000. ಈಗ ತಾನ್ ಸಲೀಸು.

ಬಾಡಿಯಲ್ಲಿರುವುದು ಮುಖ್ಯವಾಗಿ ಕಾಯಿಲ್. ತಂತಿ ಕಡಿಯದಿದ್ದರೆ ನಮಗಿಂತ ಹೆಚ್ಚು ಬಾಳುತ್ತದೆ. ಅದನ್ನು ಬದಿಗಿಡಿ. ಸೂಜಿಗೇ ಹೋದದ್ದು 20,000. ಎಲಿಪ್ಟಿಕಲ್‌ಗೆ ಆಡಿಯೋ-ಟೆಕ್ನಿಕಾ ಹೇಳುವ ಆಯುಷ್ಯ 300 ಗಂಟೆ. ಭಾಗಿಸಿದರೆ ಗಂಟೆಗೆ 67 ರೂಪಾಯಿ. ಆ ಡಬ್ಬಿಯ ಸೂಜಿ ಬಿಟ್ಟಿದ್ದರೆ 37. ಅದೇ ಕಂಪನಿಯ ಎಲಿಪ್ಟಿಕಲ್ ಸೂಜಿಯ ಹೊಸ ವಿಎಂ95ಇ ನನಗೆ ಸಿಕ್ಕ ದರ ಬಾಡಿ ಸಮೇತ 6,500, ಗಂಟೆಗೆ 22. ವಿಎಂ95ಎಂಎಲ್ 19,000, ಅದರ ಮೈಕ್ರೋಲೀನಿಯರ್ ಸೂಜಿ 1,000 ಗಂಟೆ ಬಾಳುವುದರಿಂದ ಗಂಟೆಗೆ 19. ದುಬಾರಿ ಕಂಡದ್ದೇ ಅಗ್ಗ! ಒಮ್ಮೆಗೇ ಅಷ್ಟು ಕೈಯಲ್ಲಿಲ್ಲದವರು ಇ ಕೊಳ್ಳಲಿ. ಅದೇ ಬಾಡಿಗೆ ಮುಂದೆ ಎಂಎಲ್ ಸೂಜಿ ಹೊಂದುತ್ತದೆ.

ಹಳೆಯ ಬಾಡಿ ಇಷ್ಟವೇ? ಧಾರಾಳವಾಗಿ ಕೊಳ್ಳಿ. ‘ಸೀಲ್ಡ್’ ಸೂಜಿ ಮಾತ್ರ ಬೇಡ ಮಾರಾಯ್ರೆ. 2018ರಲ್ಲಿ ಶೂರ್ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಅಂದಿನಿಂದ ಉಳಿಕೆ ಮಾಲಿಗೆ ಚಿನ್ನದ ದರ. ಸಿಗದ ವಸ್ತುವೆಲ್ಲ ಒಳ್ಳೆಯ ವಸ್ತುವೇ? ವಜ್ರ ಸವೆದಿಲ್ಲ ಎಂದು ಮಾರುವವರು ರಬ್ಬರಿನ ವಯಸ್ಸು ಹೇಳುವುದಿಲ್ಲ.

ಇನ್ನು ನಮ್ಮ ಅಭ್ಯಾಸ. ಮಂಗಳೂರಿನ ಮಳೆಗಾಲಕ್ಕೆ ರೆಕಾರ್ಡಿನ ಮೇಲೂ ಬೂಸ್ಟು ಹಿಡಿಯುತ್ತದೆ. ಅದನ್ನು ತೊಳೆಯದೆ 19,000ದ ಸೂಜಿ ಇಳಿಸುವವರಿಗೆ ನನ್ನ ಲೆಕ್ಕ ಹೊಂದದು. ಎಪ್ಪತ್ತೆಂಟು ಆರ್‌ಪಿಎಂ ತಟ್ಟೆಗೆ ಎಲ್‌ಪಿ ಸೂಜಿ ಹಾಕುವವರಿಗೂ ಇಲ್ಲ. ಸೂಜಿಯ ಬೆಲೆ ಪೈಸೆ ಸಹಿತ ನೆನಪಿಟ್ಟ ರಸಿಕರನ್ನು ಎಷ್ಟು ಗಂಟೆ ಓಡಿತೆಂದು ಕೇಳಿ, ಮುಖ ಮುಖ ನೋಡುತ್ತಾರೆ. ನಲವತ್ತು ನಿಮಿಷದ ಎಲ್‌ಪಿ ದಿನಕ್ಕೊಂದರಂತೆ ಕೇಳಿದರೆ 300 ಗಂಟೆ ಮುಗಿಯುವುದು ಹದಿನೈದು ತಿಂಗಳಲ್ಲಿ. ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಬನ್ನಿ, ತಿಂಗಳಿಗಿಷ್ಟೆಂದು ತೆಗೆದಿಡಿ. ಸವೆದ ಸೂಜಿ ಬದಲಿಸದೆ ದುಡ್ಡು ಉಳಿಸಲು ಹೋದವರು ರೆಕಾರ್ಡುಗಳಲ್ಲಿ ತೆರುತ್ತಾರೆ.