ಬರವಣಿಗೆಯ ಕೋರ್ಸನ್ನು ತಪ್ಪಿಸಿಕೊಳ್ಳಬೇಡ

ಅಮೆರಿಕದ ಕಾಲೇಜಿಗೆ ಈ ವರ್ಷ ಸೇರುತ್ತಿರುವ ಚಿರಂಜೀವಿಗೆ ಆಶೀರ್ವಾದಗಳು.

ನೀನು ಎಂಜಿನಿಯರಿಂಗಿಗೆ ಸೇರಿದರೂ ಅರ್ಥಶಾಸ್ತ್ರಕ್ಕೆ ಸೇರಿದರೂ, ಅಲ್ಲಿನ ಬಹುತೇಕ ಕಾಲೇಜುಗಳಲ್ಲಿ ಮೊದಲ ವರ್ಷವೇ ಬರವಣಿಗೆಯ ಕಡ್ಡಾಯ ಕೋರ್ಸೊಂದು ಎದುರಾಗುತ್ತದೆ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯ ಅಂಕ ತೋರಿಸಿ ವಿನಾಯಿತಿ ಪಡೆ, ಆಗದಿದ್ದರೆ ಮುಂದಕ್ಕೆ ತಳ್ಳು, ಅದೂ ಆಗದಿದ್ದರೆ ಧಾರಾಳವಾಗಿ ಗ್ರೇಡ್ ಕೊಡುವ ಮೇಷ್ಟ್ರನ್ನು ಹುಡುಕು ಎಂದು ಹೇಳುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಹೇಳುವುದು ಬೇರೆ. ಆ ಕೋರ್ಸನ್ನು ಮೊದಲ ವರ್ಷವೇ ತೆಗೆದುಕೊ, ಮನಸ್ಸಿಟ್ಟು ಮಾಡು. ನಮ್ಮಲ್ಲಿ ಹನ್ನೆರಡು ವರ್ಷ ಓದಿದವರಿಗೂ ಸಾಮಾನ್ಯವಾಗಿ ಸಿಗದ ಒಂದು ಶಿಕ್ಷಣ ಅಲ್ಲಿದೆ: ಒಂದು ಮಾತನ್ನು ತನ್ನದೆಂದು ಹೇಳಿ, ಅದಕ್ಕೆ ಆಧಾರ ಕೊಟ್ಟು, ಅದರ ಹೊಣೆ ಹೊರುವ ಶಿಕ್ಷಣ.

ಇದು ಇಂಗ್ಲಿಷ್ ಬಾರದವರಿಗೆಂದು ಮಾಡಿದ ಕೋರ್ಸ್ ಎಂಬ ಭಾವನೆಯಿದ್ದರೆ ಮೊದಲು ಅದನ್ನು ಬಿಡು. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿದಾಗ ಅದನ್ನು ಬರೆದವರು ಒಳ್ಳೆಯ ಶಾಲೆಗಳಿಂದ ಬಂದ, ಇಂಗ್ಲಿಷೇ ಮನೆಮಾತಾಗಿದ್ದ ಹುಡುಗರು. ಅವರ ಬರವಣಿಗೆ ಅಧ್ಯಾಪಕರಿಗೆ ತೃಪ್ತಿ ಕೊಡಲಿಲ್ಲ. 1885ರ ಹೊತ್ತಿಗೆ 'ಇಂಗ್ಲಿಷ್ ಎ' ಎಂಬ ಕೋರ್ಸ್ ಮೊದಲ ವರ್ಷದ ಪಾಠವಾಯಿತು. ಉಳಿದ ಕಾಲೇಜುಗಳೂ ಇದೇ ದಾರಿ ಹಿಡಿದವು. ಮನೆಮಾತಿನಲ್ಲೇ ಬರೆಯುವವನಿಗೂ ವಾದ ಕಟ್ಟುವುದನ್ನು ಬೇರೆಯಾಗಿ ಕಲಿಸಬೇಕು ಎಂಬ ಅರಿವಿನ ಮೇಲೆ ನಿಂತ ವ್ಯವಸ್ಥೆ ಇದು. ಇಂದಿಗೂ ಪ್ರಿನ್ಸ್‌ಟನ್‌ನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷ ಬರವಣಿಗೆಯ ಸೆಮಿನಾರ್ ಮುಗಿಸಲೇಬೇಕು.

ನಮ್ಮ ಪಿಯುಸಿಯಲ್ಲಿ ನೀನು ಬರೆದದ್ದು ಕಡಿಮೆಯೇನಲ್ಲ. ಆದರೆ ಅಲ್ಲಿ ಸರಿಯುತ್ತರ ಮೊದಲೇ ನಿಶ್ಚಯವಾಗಿತ್ತು; ನೋಟ್ಸು, ಗೈಡುಗಳಲ್ಲಿದ್ದುದನ್ನು ಅಂಕಕ್ಕೆ ತಕ್ಕಷ್ಟು ಉದ್ದದಲ್ಲಿ ಒಪ್ಪಿಸಿದರೆ ಸಾಕಿತ್ತು. ಹೊಸ ಕೋರ್ಸಿನಲ್ಲಿ ಕೇಳುವುದು ನಿನ್ನ ಥೀಸಿಸ್ ಏನು ಎಂದು. ಬಲ್ಲವರೂ ಒಪ್ಪದಿರಬಹುದಾದ ಒಂದು ಮಾತನ್ನು ನೀನು ಮುಂದಿಡಬೇಕು, ಒಪ್ಪದವರ ವಾದವನ್ನು ಅವರೇ ಮೆಚ್ಚುವಷ್ಟು ನ್ಯಾಯವಾಗಿ ಹೇಳಬೇಕು, ಆಮೇಲೆ ಉತ್ತರಿಸಬೇಕು. ಪೂರ್ವಪಕ್ಷವನ್ನು ಪೂರ್ತಿಯಾಗಿ ಹೇಳದೆ ಸಿದ್ಧಾಂತಕ್ಕೆ ಬರಬಾರದು ಎನ್ನುವ ಶಾಸ್ತ್ರಪದ್ಧತಿ ನಮ್ಮಲ್ಲೇ ಇತ್ತು. ನಮ್ಮ ಪರೀಕ್ಷೆಗಳು ಅದನ್ನು ಕೈಬಿಟ್ಟಿವೆ. ತಿದ್ದುವ ಅಭ್ಯಾಸವೂ ಹೀಗೆಯೇ ಕಲಿಯಬೇಕಾದದ್ದು. ಬರವಣಿಗೆಯ ಸಂಶೋಧಕಿ ನ್ಯಾನ್ಸಿ ಸಾಮರ್ಸ್ 1980ರ ತಮ್ಮ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನೂ ನುರಿತ ಬರಹಗಾರರನ್ನೂ ಹೋಲಿಸಿ ನೋಡಿದರು. ವಿದ್ಯಾರ್ಥಿಗಳು ಪದ ಬದಲಿಸುವುದನ್ನೇ ತಿದ್ದುವುದೆಂದು ತಿಳಿದಿದ್ದರು. ನುರಿತವರು ತಿದ್ದುತ್ತಾ ತಮ್ಮ ವಾದದ ಆಕಾರವನ್ನೇ ಹುಡುಕುತ್ತಿದ್ದರು. ಒಂದೇ ರಾತ್ರಿಯಲ್ಲಿ ಬರೆದು ಒಪ್ಪಿಸುವವನಿಗೆ ಈ ಹುಡುಕಾಟಕ್ಕೆ ಸಮಯವೇ ಇರುವುದಿಲ್ಲ.

'ನಾನು ಎಂಜಿನಿಯರ್, ನನಗೇಕೆ ಪ್ರಬಂಧ?' ಎಂದು ನೀನು ಕೇಳಬಹುದು. ಎಂಜಿನಿಯರುಗಳಿಗೇ ಹೆಸರಾದ ಎಂಐಟಿ ಪ್ರತಿ ವಿದ್ಯಾರ್ಥಿಯಿಂದ ಬರವಣಿಗೆ ಮತ್ತು ಮಂಡನೆಗೆ ಒತ್ತು ಕೊಡುವ ನಾಲ್ಕು ಕೋರ್ಸುಗಳನ್ನು ಬಯಸುತ್ತದೆ. ಅವುಗಳಲ್ಲಿ ಎರಡು ವಿದ್ಯಾರ್ಥಿಯ ಮುಖ್ಯ ವಿಷಯದಲ್ಲೇ ಇರಬೇಕು. ಲೆಕ್ಕ ಸರಿಯಿದ್ದರೆ ಸಾಲದು, ಅದನ್ನು ಇನ್ನೊಬ್ಬರಿಗೆ ಮನಗಾಣಿಸಬೇಕು ಎಂಬುದೇ ಅದರ ಅರ್ಥ. ಇನ್ನು ಎಐ ಬರೆದುಕೊಡುವಾಗ ನಾನೇಕೆ ಒದ್ದಾಡಲಿ ಎಂಬ ಪ್ರಶ್ನೆ. ಅದನ್ನು ಎಷ್ಟರಮಟ್ಟಿಗೆ ಬಳಸಬಹುದು ಎಂಬ ನಿಯಮ ಕೋರ್ಸಿನಿಂದ ಕೋರ್ಸಿಗೆ ಬದಲಾಗುತ್ತದೆ; ಸಿಲಬಸ್ ಓದು, ಅನುಮಾನವಿದ್ದರೆ ಕೇಳು. ಆದರೆ ನಿಯಮಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಇಲ್ಲಿ ಪ್ರಬಂಧವೆಂಬ ವಸ್ತು ಯಾರಿಗೂ ಬೇಕಾಗಿಲ್ಲ, ಅದನ್ನು ಬರೆಯುವಾಗ ನಿನ್ನ ತಲೆಯಲ್ಲಿ ನಡೆಯುವ ಕೆಲಸವೇ ಬೇಕಾದದ್ದು. ಆ ಕೆಲಸವನ್ನು ಹೊರಗೆ ಕೊಟ್ಟರೆ ಕೋರ್ಸಿನಲ್ಲಿ ಉಳಿಯುವುದು ಫೀಸು ಮಾತ್ರ. ದುಡ್ಡಿನ ಆಕ್ಷೇಪಣೆಯನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಸಾಲ ಮಾಡಿ ಕಳಿಸುವ ತಂದೆತಾಯಿಗೆ ಒಂದೊಂದು ಕ್ರೆಡಿಟ್ಟೂ ಭಾರವೇ. ಎಪಿ ಅಂಕದಿಂದ ನಿಜವಾಗಿ ಹಣ ಉಳಿಯುವುದಾದರೆ ವಿನಾಯಿತಿ ತೆಗೆದುಕೊ. ಆದರೆ ಹೇಗೂ ಮಾಡಲೇಬೇಕಾದ ಕೋರ್ಸುಗಳಲ್ಲಿ ಹೆಚ್ಚು ಬರೆಸುವಂಥದ್ದೊಂದನ್ನು ಮೊದಲ ವರ್ಷಕ್ಕೇ ಆರಿಸಿಕೊ.

ಹೇಗೆ ಮಾಡಬೇಕೆಂದು ಕೇಳುವೆಯಾದರೆ: ಪ್ರಬಂಧದ ವಿಷಯ ಕೊಟ್ಟ ದಿನವೇ ಅದನ್ನು ಎರಡು ಸಲ ಓದು, ವಿವರಿಸು ಎಂದಿದ್ದಾರೋ ವಾದಿಸು ಎಂದಿದ್ದಾರೋ ನೋಡು. ಯೋಚನೆ ಕನ್ನಡದಲ್ಲಿ ಬಂದರೆ ಮೊದಲ ಟಿಪ್ಪಣಿ ಕನ್ನಡದಲ್ಲೇ ಇರಲಿ. ಇನ್ನೊಬ್ಬರ ಮಾತೋ ವಿಚಾರವೋ ಬಂದ ಕಡೆ ಆಗಲೇ ಅವರ ಹೆಸರು ಬರೆದಿಡು. ಗೈಡಿನಿಂದ ಎತ್ತಿ ಬರೆಯುವ ಹಳೆಯ ರೂಢಿಗೆ ಅಲ್ಲಿ ಕೃತಿಚೌರ್ಯ ಎನ್ನುತ್ತಾರೆ, ಶಿಕ್ಷೆಯೂ ಇದೆ. ಡ್ರಾಫ್ಟ್ ಹಿಡಿದು, ಬರವಣಿಗೆಗೆ ನೆರವಾಗುವ ಕಾಲೇಜಿನ ರೈಟಿಂಗ್ ಸೆಂಟರಿಗೆ ಹೋಗು, ವಿದ್ಯಾರ್ಥಿಗಳಿಗೆಂದೇ ಮೀಸಲಿಟ್ಟ ಆಫೀಸ್ ಅವರ್ಸ್‌ನಲ್ಲಿ ಮೇಷ್ಟ್ರನ್ನು ಕಾಣು. ಅಲ್ಲಿ ಅದು ದಡ್ಡತನದ ಗುರುತಲ್ಲ. ಹಾರ್ವರ್ಡಿನ ನಾನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕಾಲೇಜಿನ ಉದ್ದಕ್ಕೂ ಗಮನಿಸಿ ಸಾಮರ್ಸ್ ಮತ್ತು ಲಾರಾ ಸಾಲ್ಟ್ಜ್ 2004ರಲ್ಲಿ ಬರೆದರು: ತಾನಿನ್ನೂ ಹೊಸಬ ಎಂದು ಒಪ್ಪಿಕೊಂಡವರು, ಬರವಣಿಗೆಯಲ್ಲಿ ಅಂಕಕ್ಕಿಂತ ದೊಡ್ಡ ಉದ್ದೇಶ ಕಂಡವರು ಹೆಚ್ಚು ಬೆಳೆದರು. ಆದ್ದರಿಂದ ಮೊದಲ ಪ್ರಬಂಧಕ್ಕೆ ಕಡಿಮೆ ಗ್ರೇಡ್ ಬಂದರೆ ಕುಗ್ಗಬೇಡ, ಕೋರ್ಸ್ ಬಿಡಲೂಬೇಡ. ನಿಜವಾಗಿ ನಿನಗೆ ಮುಖ್ಯವೆನಿಸಿದ ಪ್ರಶ್ನೆಯೊಂದನ್ನು ಎರಡನೆಯ ಪ್ರಬಂಧಕ್ಕೆ ಆರಿಸಿಕೊಂಡು ಬರೆ. ನಿನ್ನ ಮಾತಿಗೆ ನೀನೇ ಜವಾಬು ಕೊಡಬಲ್ಲೆ ಎಂಬ ಧೈರ್ಯ ಬಂದರೆ, ಕಾಲೇಜಿನ ಉಳಿದ ಓದೆಲ್ಲ ಆ ಧೈರ್ಯದ ಮೇಲೆ ನಡೆಯುತ್ತದೆ.

ಇಂತಿ,
ನಿನ್ನ ಹಿತೈಷಿ